ಹಾಸನೂರನ್ನು ಹುಡುಕುವ ಬಗೆ: ಪದಸೂಚಿಗಳ ಪರಿಷ್ಕರಣೆಯ ಒಂದು ಚರಿತ್ರೆ

ಚಾಮರಾಜನಗರದಿಂದ ತೆಂಕಣಕ್ಕೆ ಸಾಗುವ ಹೆದ್ದಾರಿಯು ರಾಜ್ಯದ ಗಡಿಯನ್ನು ದಾಟಿದ ಮೇಲೆ, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯುವ ಮುನ್ನ ಸಿಗುವ ಊರು ಹಾಸನೂರು. ತಾಳವಾಡಿ ಸೀಮೆಯ ಹಲವು ಊರುಗಳಂತೆ ಇಲ್ಲಿಯೂ ಕನ್ನಡವು ಮನೆಮಾತಾಗಿ ಉಳಿದುಬಂದಿದೆ. ಈ ಊರಿನ ಬಗೆಗೆ ಬರೆದಿರುವುದೆಲ್ಲವನ್ನೂ ಒಂದೆಡೆ ನೋಡಬೇಕೆಂದು ಬಯಸುವ ಓದುಗನು ಏನು ಮಾಡಬೇಕು? ಈ ಸರಳವಾದ ಪ್ರಶ್ನೆಯಿಂದ ಹೊರಟು, ಪದಸೂಚಿ ಎಂಬ ಸಾಧನವು ಕಾಗದದ ಕಾಲದಿಂದ ಗಣಕದ ಕಾಲದವರೆಗೆ ಹೇಗೆ ಬೆಳೆಯಿತು, ಬೆಳೆದುದನ್ನು ಕಾಲಕಾಲಕ್ಕೆ ಹೇಗೆ ಪರಿಷ್ಕರಿಸಲಾಯಿತು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. ಸೂಚಿಯನ್ನು ಕಟ್ಟುವುದು ಒಮ್ಮೆಯ ಕೆಲಸ, ಅದನ್ನು ಜೀವಂತವಾಗಿ ಇರಿಸುವುದು ನಿತ್ಯದ ಕೆಲಸ. ಚರಿತ್ರೆಯಲ್ಲಿ ಮೊದಲನೆಯದಕ್ಕೆ ಸಂದ ಗೌರವ ಎರಡನೆಯದಕ್ಕೆ ಸಂದಿಲ್ಲ.

ನಿಂತಲ್ಲೇ ವಿಳಾಸ ಬದಲಿಸಿದ ಊರು

1799ರಲ್ಲಿ ಟಿಪ್ಪುವಿನ ಪತನವಾಗುವವರೆಗೆ ಕೊಯಮತ್ತೂರು ಪ್ರಾಂತವು ಮೈಸೂರಿನ ಆಳಿಕೆಯಲ್ಲಿತ್ತು. ಅನಂತರ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಮದರಾಸು ಪ್ರೆಸಿಡೆನ್ಸಿಯ ಒಂದು ಜಿಲ್ಲೆಯಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದೇ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1969ರಲ್ಲಿ ಮದರಾಸು ರಾಜ್ಯವು ತಮಿಳುನಾಡು ಎನಿಸಿತು. 1979ರಲ್ಲಿ ಕೊಯಮತ್ತೂರು ಜಿಲ್ಲೆಯನ್ನು ಒಡೆದು ಪೆರಿಯಾರ್ ಜಿಲ್ಲೆಯನ್ನು ರಚಿಸಲಾಯಿತು. 1990ರ ದಶಕದಲ್ಲಿ ಅದಕ್ಕೆ ಈರೋಡು ಎಂಬ ಹೆಸರಾಯಿತು. ಸತ್ಯಮಂಗಲ ತಾಲ್ಲೂಕಿಗೆ ಸೇರಿದ್ದ ತಾಳವಾಡಿ ಈಗ ತಾನೇ ಒಂದು ತಾಲ್ಲೂಕು. ಊರ ಮುಂದಿನ ಹೆದ್ದಾರಿಯ ಸಂಖ್ಯೆ ಕೂಡ 209 ಇದ್ದದ್ದು 948 ಆಗಿದೆ. ಸುತ್ತಲಿನ ಕಾಡು 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು.

ಇಷ್ಟೆಲ್ಲ ನಡೆದರೂ ಊರು ನಿಂತ ನೆಲದಲ್ಲಿಯೇ ನಿಂತಿದೆ. ಬದಲಾದುದು ಅದರ ವಿಳಾಸ ಮಾತ್ರ. ಇದರ ಮೇಲೆ ಹೆಸರಿನ ತೊಡಕು ಬೇರೆ. ಕನ್ನಡದಲ್ಲಿ ನಾವು ಹಾಸನೂರು ಎನ್ನುತ್ತೇವೆ. ತಮಿಳಿನ ಫಲಕ ಮತ್ತು ಕಡತಗಳಲ್ಲಿ ಅದು ಆಸನೂರ್. ಇಂಗ್ಲಿಷ್ ಬರಹಗಳಲ್ಲಿ ಹಕಾರವಿರುವ ರೂಪವೂ ಇದೆ, ಇಲ್ಲದ ರೂಪವೂ ಇದೆ. ಒಂದು ರೂಪವನ್ನು ಹಿಡಿದು ಹುಡುಕಿದವನಿಗೆ ಉಳಿದ ರೂಪಗಳಲ್ಲಿ ಬರೆದದ್ದು ಕಾಣುವುದಿಲ್ಲ. ಬರಹವು ನಾಶವಾಗಿರುವುದಿಲ್ಲ, ಕಪಾಟಿನಲ್ಲಿಯೇ ಇರುತ್ತದೆ. ಆದರೆ ಹುಡುಕುವವನ ಮಟ್ಟಿಗೆ ಅದು ಇಲ್ಲದಂತೆಯೇ. ಗಡಿನಾಡಿನ ಕನ್ನಡದ ಇರವು ಇಲ್ಲದಿರವುಗಳ ಪ್ರಶ್ನೆಯಲ್ಲಿ ಈ ಸಣ್ಣ ತಾಂತ್ರಿಕ ಸಂಗತಿಯ ಪಾತ್ರ ನಾವು ತಿಳಿದಿರುವುದಕ್ಕಿಂತ ದೊಡ್ಡದು.

ಕಾಗದದ ಕಾಲದ ಪರಿಷ್ಕರಣೆ

ಕನ್ನಡ ನಾಡಿನ ಶಾಸನಗಳನ್ನು ಕ್ರಮವಾಗಿ ಸಂಗ್ರಹಿಸಿ ಪ್ರಕಟಿಸಿದವರಲ್ಲಿ ಬಿ. ಎಲ್. ರೈಸ್ ಅವರು ಮೊದಲಿಗರು. ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ 1886ರಲ್ಲಿ ಹೊರಬಂದಿತು. ಮುಂದಿನ ಎರಡು ದಶಕಗಳಲ್ಲಿ 12 ಸಂಪುಟಗಳು ಸಿದ್ಧವಾದವು. ಅವುಗಳಲ್ಲಿ ಸುಮಾರು 9,000 ಶಾಸನಗಳು ಸೇರಿದವು. ಶಾಸನಗಳನ್ನು ಅವರು ತಾಲ್ಲೂಕಿನ ಹೆಸರು ಮತ್ತು ಆ ತಾಲ್ಲೂಕಿನೊಳಗಿನ ಕ್ರಮಸಂಖ್ಯೆಯಿಂದ ಗುರುತಿಸಿದರು. ಈ ವ್ಯವಸ್ಥೆಯ ಬೆಲೆಯನ್ನು ನಾವು ಗಮನಿಸಬೇಕು. ಪುಟಸಂಖ್ಯೆಯನ್ನು ಆಧರಿಸಿದ ಸೂಚಿಯಲ್ಲಿ ನಡುವೆ ಎರಡು ಪುಟ ಸೇರಿದರೆ ಮುಂದಿನ ಎಲ್ಲ ಸಂಖ್ಯೆಗಳೂ ತಪ್ಪಾಗುತ್ತವೆ. ಶಾಸನಕ್ಕೇ ಒಂದು ಸಂಖ್ಯೆಯನ್ನು ಕೊಟ್ಟರೆ, ಹೊಸದಾಗಿ ದೊರೆತುದನ್ನು ಸರಣಿಯ ಕೊನೆಗೆ ಸೇರಿಸಬಹುದು. ಹಳೆಯ ಉಲ್ಲೇಖ ಕೆಡುವುದಿಲ್ಲ.

ರೈಸ್ ಅವರ ತರುವಾಯ ಆರ್. ನರಸಿಂಹಾಚಾರ್ಯರ ಕಾಲದಲ್ಲಿಯೂ ಹೊಸ ಶಾಸನಗಳು ದೊರೆಯುತ್ತಲೇ ಇದ್ದವು. ಪ್ರತಿಯೊಂದು ಶಾಸನ ದೊರೆತಾಗಲೂ ಸಂಪುಟವನ್ನು ಮರುಮುದ್ರಿಸುವುದು ಸಾಧ್ಯವಿರಲಿಲ್ಲ. ಆದುದರಿಂದ ಅವು ಮೊದಲು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಪ್ರಕಟವಾದವು. ವಿಷಯವು ಸಾಕಷ್ಟು ಕೂಡಿಬಂದ ಮೇಲೆ ಪರಿಷ್ಕೃತ ಸಂಪುಟ ಬರುತ್ತಿತ್ತು. ಕೊಡಗಿನ ಸಂಪುಟ 1914ರಲ್ಲಿ, ಶ್ರವಣಬೆಳಗೊಳದ ಸಂಪುಟ 1923ರಲ್ಲಿ ಹೀಗೆ ಪರಿಷ್ಕೃತವಾದವು. ಇಡಿಯ ಸರಣಿಯನ್ನು ಹೊಸದಾಗಿ ಪರಿಷ್ಕರಿಸುವ ಕಾರ್ಯವನ್ನು ಮೈಸೂರು ವಿಶ್ವವಿದ್ಯಾನಿಲಯವು 1970ರ ದಶಕದಲ್ಲಿ ಕೈಗೆತ್ತಿಕೊಂಡಿತು. ಚಿಕ್ಕ ಚಿಕ್ಕ ಸೇರ್ಪಡೆಗಳನ್ನು ಬೇರೆಯಾಗಿ ಬರೆದಿಡುವುದು, ಅನುಕೂಲವಾದಾಗ ಅವನ್ನು ಮುಖ್ಯ ಸಂಪುಟದಲ್ಲಿ ವಿಲೀನಗೊಳಿಸುವುದು ಎಂಬುದೇ ಅಂದಿನ ವಿದ್ವಾಂಸರ ರೀತಿಯಾಗಿತ್ತು. ಮುಂದೆ ಗಣಕಶಾಸ್ತ್ರವೂ ಇದೇ ರೀತಿಗೆ ಬಂದು ನಿಂತಿತು.

ರೈಸ್ ಅವರ ಸರಣಿಯ ವ್ಯಾಪ್ತಿ ಮೈಸೂರು ಸಂಸ್ಥಾನ ಮತ್ತು ಕೊಡಗು. ಮದರಾಸಿನ ಆಡಳಿತಕ್ಕೆ ಸೇರಿದ್ದ ನಮ್ಮ ಸೀಮೆ ಅದರ ಹೊರಗೆ ಉಳಿಯಿತು. ಈ ಭಾಗದ ಶಾಸನಗಳನ್ನು ಅರಸುವವನು ಮದರಾಸಿನ ಶಾಸನ ಇಲಾಖೆಯ ವಾರ್ಷಿಕ ವರದಿಗಳನ್ನೂ, ವಿ. ರಂಗಾಚಾರ್ಯರು 1919ರಲ್ಲಿ ಪ್ರಕಟಿಸಿದ, ಮದರಾಸು ಪ್ರೆಸಿಡೆನ್ಸಿಯ ಶಾಸನಗಳ ಸ್ಥಳಾನುಕ್ರಮ ಪಟ್ಟಿಯನ್ನೂ ನೋಡಬೇಕು. ಭಾಷೆ ಒಂದೇ, ನೆಲ ಒಂದಕ್ಕೊಂದು ತಗುಲಿದ್ದು. ಆದರೂ ಸೂಚಿಗಳು ಎರಡು.

ನಿಘಂಟುಗಳ ಕಥೆಯೂ ಹೀಗೆಯೇ. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಪ್ರಕಟವಾಯಿತು. ಅದರಲ್ಲಿ ಸುಮಾರು 70,000 ಪದಗಳಿವೆ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾಲಯವು ನಾಲ್ಕು ಸಂಪುಟಗಳಲ್ಲಿ 1968ರಿಂದ 1971ರವರೆಗೆ ಹೊರತಂದಿತು. ಎರಡರ ನಡುವೆ ಮುಕ್ಕಾಲು ಶತಮಾನದ ಅಂತರ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ 1970ರಲ್ಲಿ, ಎಂಟನೆಯದೂ ಕೊನೆಯದೂ ಆದ ಸಂಪುಟ 1995ರಲ್ಲಿ ಹೊರಬಂದವು. ಕಾವ್ಯ, ಶಾಸನಗಳಿಂದ ಪದಗಳನ್ನು ಚೀಟಿಗಳಲ್ಲಿ ಬರೆದು, ಅಕಾರಾದಿಯಾಗಿ ಜೋಡಿಸಿ ಮಾಡಿದ ಕೆಲಸವದು. ಅಕಾರದಿಂದ ಹಿಡಿದು ಕೊನೆಯ ಅಕ್ಷರ ಮುಟ್ಟುವ ಹೊತ್ತಿಗೆ ಮೊದಲ ಸಂಪುಟಕ್ಕೆ 25 ವರ್ಷ ವಯಸ್ಸಾಗಿತ್ತು; ಆ ಅವಧಿಯಲ್ಲಿ ಭಾಷೆಯಂತೂ ನಿಂತಿರಲಿಲ್ಲ. ಇದನ್ನು ಕೊರತೆಯೆಂದು ಹೇಳುತ್ತಿಲ್ಲ. ಮುದ್ರಿತ ಸೂಚಿಯ ಸ್ವಭಾವವೇ ಅಂಥದು.

ವಿಲೋಮ ಸೂಚಿ ಎಂಬ ಉಪಾಯ

ಗಣಕವು ಹುಡುಕುವುದು ಹೇಗೆ? ಪ್ರತಿಯೊಂದು ಪ್ರಶ್ನೆಗೂ ಲಕ್ಷ ಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಗಣಕಕ್ಕೂ ಹೊರೆಯೇ. ಆದುದರಿಂದ ಅದು ನಮ್ಮ ಪುಸ್ತಕಗಳ ಕೊನೆಯ ಅಕಾರಾದಿಯಂತಹ ಒಂದು ಪಟ್ಟಿಯನ್ನು ಮೊದಲೇ ಸಿದ್ಧಮಾಡಿಕೊಳ್ಳುತ್ತದೆ. ಬರಹದಲ್ಲಿ ಯಾವ ಪದಗಳಿವೆ ಎಂಬುದನ್ನು ತಿರುವಿಹಾಕಿ, ಪ್ರತಿ ಪದವೂ ಯಾವ ಯಾವ ಬರಹಗಳಲ್ಲಿದೆ ಎಂದು ಬರೆದಿಡುತ್ತದೆ. ಇದನ್ನು ವಿಲೋಮ ಸೂಚಿ ಎನ್ನಬಹುದು. ‘ಹಾಸನೂರು’ ಎಂಬ ಪದದ ಎದುರು 12, 87, 340 ಎಂದಿದ್ದರೆ ಆ ಮೂರು ಬರಹಗಳನ್ನು ತೆಗೆದರೆ ಸಾಕು.

ಹುಡುಕುವುದಕ್ಕೆ ಇದು ಎಷ್ಟು ಸುಲಭವೋ ತಿದ್ದುವುದಕ್ಕೆ ಅಷ್ಟೇ ಕಷ್ಟ. 87ನೆಯ ಬರಹದಲ್ಲಿ 500 ಬೇರೆ ಬೇರೆ ಪದಗಳಿವೆ ಎಂದಿಟ್ಟುಕೊಳ್ಳೋಣ. ಆ ಬರಹವನ್ನು ತೆಗೆದುಹಾಕಬೇಕಾದರೆ 500 ಪದಗಳ ಪಟ್ಟಿಗಳಿಗೂ ಹೋಗಿ 87ನ್ನು ಅಳಿಸಬೇಕು. ಪಟ್ಟಿಗಳನ್ನು ಸಂಕ್ಷಿಪ್ತಗೊಳಿಸಿ ಒತ್ತೊತ್ತಾಗಿ ಬರೆದಿರುವುದರಿಂದ ನಡುವಿನ ಒಂದು ಅಂಕಿಯನ್ನು ಕಿತ್ತರೆ ಉಳಿದವನ್ನೂ ಮತ್ತೆ ಬರೆಯಬೇಕಾಗುತ್ತದೆ. ಡಗ್ ಕಟಿಂಗ್ ಮತ್ತು ಜಾನ್ ಪೆಡರ್ಸನ್ 1990ರಲ್ಲಿಯೇ ಈ ಸಮಸ್ಯೆಯನ್ನು ಕುರಿತು, ಬದಲಾಗುತ್ತಲೇ ಇರುವ ವಿಲೋಮ ಸೂಚಿಯನ್ನು ಕಡಿಮೆ ಖರ್ಚಿನಲ್ಲಿ ನಿರ್ವಹಿಸುವ ಬಗೆಯನ್ನು ಕುರಿತು ಪ್ರಬಂಧ ಬರೆದರು. ಕಟಿಂಗ್ ಅವರು 1999ರಲ್ಲಿ ರೂಪಿಸಿದ ‘ಲ್ಯೂಸೀನ್’ ಎಂಬ ತಂತ್ರಾಂಶ 2001ರಲ್ಲಿ ಅಪಾಚೆ ಪ್ರತಿಷ್ಠಾನದ ಆಶ್ರಯಕ್ಕೆ ಬಂತು. ಇಂದು ಬಳಕೆಯಲ್ಲಿರುವ ಅನೇಕ ಶೋಧ ವ್ಯವಸ್ಥೆಗಳ ತಳಹದಿ ಅದೇ.

ಲ್ಯೂಸೀನ್ ಅನುಸರಿಸುವ ಕ್ರಮ ನಮ್ಮ ಶಾಸನ ಸಂಪುಟಗಳ ಕ್ರಮವನ್ನು ನೆನಪಿಸುತ್ತದೆ. ಹೊಸ ಬರಹಗಳು ಬಂದಾಗ ಹಳೆಯ ಸೂಚಿಯನ್ನು ಮುಟ್ಟುವುದಿಲ್ಲ. ಅವುಗಳಿಗಾಗಿ ಒಂದು ಚಿಕ್ಕ ಸೂಚಿಯನ್ನೇ ಪಕ್ಕದಲ್ಲಿ ಬರೆಯುತ್ತದೆ. ಇದಕ್ಕೆ ಸೆಗ್ಮೆಂಟ್ ಎಂದು ಹೆಸರು. ಬರಹವೊಂದು ರದ್ದಾದರೆ ಪಟ್ಟಿಗಳಿಂದ ಅಳಿಸುವ ಬದಲು, ಅದು ರದ್ದಾಗಿದೆ ಎಂಬ ಗುರುತನ್ನು ಬೇರೆಡೆ ಹಾಕುತ್ತದೆ. ಹುಡುಕುವಾಗ ಆ ಗುರುತಿದ್ದವನ್ನು ಬಿಟ್ಟು ಉತ್ತರಿಸುತ್ತದೆ. ತಿದ್ದುಪಡಿಯೆಂದರೆ ಹಳೆಯದಕ್ಕೆ ರದ್ದಿನ ಗುರುತು ಹಾಕಿ ಹೊಸದನ್ನು ಸೇರಿಸುವುದು, ಅಷ್ಟೆ. ಚಿಕ್ಕ ಸೂಚಿಗಳು ಹೆಚ್ಚಾದಂತೆ ಹಿನ್ನೆಲೆಯಲ್ಲಿ ಅವನ್ನು ದೊಡ್ಡದಾಗಿ ವಿಲೀನಗೊಳಿಸುತ್ತದೆ. ರದ್ದಾದವು ನಿಜವಾಗಿ ಹೊರಹೋಗುವುದು ಆಗಲೇ.

ಕಳುಹಿಸುವ ತಂತ್ರಾಂಶದ ಹೊಣೆ

ಶೋಧ ಯಂತ್ರವು ತಾನಾಗಿ ಏನನ್ನೂ ತಿಳಿಯದು. ಗ್ರಂಥಾಲಯದ ತಂತ್ರಾಂಶವೋ ಪತ್ರಿಕೆಯ ತಂತ್ರಾಂಶವೋ ಬದಲಾದುದನ್ನು ಅದಕ್ಕೆ ತಲುಪಿಸಬೇಕು. ಈ ತಲುಪಿಸುವ ಕೆಲಸ ಮಿತವ್ಯಯದಿಂದ ನಡೆಯುತ್ತದೆಯೇ ಎಂಬುದನ್ನು ಆ ತಂತ್ರಾಂಶವನ್ನು ಬರೆದವರ ವಿವೇಕವೇ ನಿರ್ಧರಿಸುತ್ತದೆ. ಇದರಲ್ಲಿಯೂ ಒಂದು ಚರಿತ್ರೆಯಿದೆ.

ಆರಂಭದ ರೂಢಿಯೆಂದರೆ ಎಲ್ಲವನ್ನೂ ಮತ್ತೆ ಮತ್ತೆ ಕಟ್ಟುವುದು. ಗೂಗಲ್ ಸಂಸ್ಥೆಯೂ ಮೊದಲ ವರ್ಷಗಳಲ್ಲಿ ತನ್ನ ಸೂಚಿಯನ್ನು ಸುಮಾರು ತಿಂಗಳಿಗೊಮ್ಮೆ ಬದಲಿಸುತ್ತಿತ್ತು. 2010ರಲ್ಲಿ ಅದು ‘ಕೆಫೀನ್’ ಎಂಬ ಹೊಸ ವ್ಯವಸ್ಥೆಗೆ ಬಂದಿತು. ಅದರ ಹಿಂದಿನ ‘ಪರ್ಕೊಲೇಟರ್’ ಎಂಬ ವಿಧಾನವನ್ನು ಡೇನಿಯಲ್ ಪೆಂಗ್ ಮತ್ತು ಫ್ರಾಂಕ್ ಡಬೆಕ್ ಅದೇ ವರ್ಷ ವಿವರಿಸಿದರು. ಕೆಲವೇ ಪುಟಗಳು ಬದಲಾದರೂ ಇಡೀ ಸಂಗ್ರಹವನ್ನು ಮರಳಿ ಸಂಸ್ಕರಿಸುತ್ತಿದ್ದುದನ್ನು ಬಿಟ್ಟು, ಬದಲಾದ ಪುಟವನ್ನಷ್ಟೇ ಸಂಸ್ಕರಿಸುವುದು ಅದರ ತಿರುಳು. ಇದರಿಂದ ಹುಡುಕಿದಾಗ ದೊರೆಯುವ ಬರಹಗಳ ಸರಾಸರಿ ವಯಸ್ಸು ಅರ್ಧಕ್ಕೆ ಇಳಿಯಿತೆಂದು ಅವರು ದಾಖಲಿಸಿದ್ದಾರೆ.

ಸಣ್ಣ ಸಂಗ್ರಹಗಳಿಗೂ ಇದೇ ತತ್ವ ಅನ್ವಯಿಸುತ್ತದೆ. ಯೋನಿಕ್ ಸೀಲಿ ಅವರು 2004ರಲ್ಲಿ ಆರಂಭಿಸಿದ ‘ಸೋಲರ್’, ಶೇ ಬ್ಯಾನನ್ ಅವರು 2010ರಲ್ಲಿ ಹೊರತಂದ ‘ಎಲಾಸ್ಟಿಕ್‌ಸರ್ಚ್’ ಎರಡೂ ಲ್ಯೂಸೀನಿನ ಮೇಲೆ ಕಟ್ಟಿದವು. ಇವುಗಳನ್ನು ಬಳಸುವವರು ಕಂಡುಕೊಂಡ ನಿಯಮಗಳನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದಾಗಿ, ಪ್ರತಿ ಬರಹಕ್ಕೂ ಬದಲಾಗದ ಒಂದು ಗುರುತಿನ ಸಂಖ್ಯೆ ಇರಬೇಕು. ಅದೇ ಸಂಖ್ಯೆಯೊಡನೆ ಮತ್ತೆ ಕಳುಹಿಸಿದರೆ ಹಳೆಯದರ ಸ್ಥಾನದಲ್ಲಿ ಹೊಸದು ನಿಲ್ಲುತ್ತದೆ. ಸಂಖ್ಯೆಯಿಲ್ಲದಿದ್ದರೆ ಒಂದೇ ಬರಹ ಎರಡಾಗಿ ಕಾಣುತ್ತದೆ. ರೈಸ್ ಅವರು ಶಾಸನಗಳಿಗೆ ಸಂಖ್ಯೆ ಕೊಟ್ಟ ವಿವೇಕವೇ ಇದು.

ಎರಡನೆಯದಾಗಿ, ಒಂದೊಂದೇ ಬರಹವನ್ನು ಕಳುಹಿಸದೆ ನೂರಾರು ಬರಹಗಳ ಕಟ್ಟನ್ನು ಒಮ್ಮೆಗೇ ಕಳುಹಿಸಬೇಕು. ಪ್ರತಿ ಬರಹದ ಬಳಿಕವೂ ಸೂಚಿಯನ್ನು ಡಿಸ್ಕಿನಲ್ಲಿ ಕಾಯಂ ಮಾಡುವುದು, ಅಂದರೆ ಕಮಿಟ್ ಮಾಡುವುದು, ಒಂದೊಂದು ಚೀಟಿ ಇಟ್ಟಾಗಲೂ ಬೀರುವಿಗೆ ಬೀಗ ಹಾಕಿ ತೆಗೆದಂತೆ. ಹುಡುಕಿದಾಗ ಕಾಣುವಂತೆ ಮಾಡುವುದು ಬೇರೆ, ಡಿಸ್ಕಿನಲ್ಲಿ ಕಾಯಂ ಮಾಡುವುದು ಬೇರೆ ಎಂಬ ವಿವೇಚನೆಯನ್ನು ಈಚಿನ ವ್ಯವಸ್ಥೆಗಳು ತಂದವು. ಸೋಲರ್ 2012ರ ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಹಗುರವಾದ ಕಮಿಟ್ಟನ್ನು ಒದಗಿಸಿತು. ಎಲಾಸ್ಟಿಕ್‌ಸರ್ಚ್ ಸಾಮಾನ್ಯವಾಗಿ ಒಂದು ಸೆಕೆಂಡಿಗೊಮ್ಮೆ ಹೊಸದನ್ನು ಕಾಣಿಸುತ್ತದೆ. ದೊಡ್ಡ ಸಂಗ್ರಹವನ್ನು ತುಂಬುವಾಗ ಅದನ್ನೂ ತಾತ್ಕಾಲಿಕವಾಗಿ ನಿಲ್ಲಿಸಬಹುದು.

ಮೂರನೆಯದಾಗಿ, ಬರಹವನ್ನು ಉಳಿಸುವ ಕೆಲಸ ಸೂಚಿಗಾಗಿ ಕಾಯಬಾರದು. ಬರಹವು ಮೂಲ ಸಂಗ್ರಹದಲ್ಲಿ ಉಳಿದೊಡನೆ ‘ಇದು ಬದಲಾಗಿದೆ’ ಎಂಬ ಒಂದು ಟಿಪ್ಪಣಿ ಸರದಿಯಲ್ಲಿ ನಿಲ್ಲಬೇಕು. ಸರದಿಯನ್ನು ನೋಡಿಕೊಳ್ಳುವ ಇನ್ನೊಂದು ಕ್ರಮವಿಧಿ ಅದನ್ನು ಸೂಚಿಗೆ ಮುಟ್ಟಿಸಬೇಕು. ಶೋಧ ಯಂತ್ರ ಕೆಲಕಾಲ ಕೆಟ್ಟು ನಿಂತರೂ ಟಿಪ್ಪಣಿ ಕಳೆದುಹೋಗುವುದಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೇ ಇದಕ್ಕೆ ನಿದರ್ಶನ. ವಿಕಿಮೀಡಿಯ ಯೋಜನೆಗಳು 2014ರ ಸುಮಾರಿಗೆ ಎಲಾಸ್ಟಿಕ್‌ಸರ್ಚ್ ಆಧಾರಿತ ಶೋಧಕ್ಕೆ ಬದಲಾದವು. ಅಲ್ಲಿ ಪುಟವೊಂದನ್ನು ತಿದ್ದಿ ಉಳಿಸಿದಾಗ ಸೂಚಿಯ ಪರಿಷ್ಕರಣೆ ಸರದಿಯ ಮೂಲಕ ಸ್ವಲ್ಪ ತಡವಾಗಿ ನಡೆಯುತ್ತದೆ. ಹಲವು ಪುಟಗಳು ಬಳಸುವ ಟೆಂಪ್ಲೇಟನ್ನು ತಿದ್ದಿದರೆ ಆ ಪುಟಗಳೆಲ್ಲ ಸರದಿಗೆ ಸೇರುತ್ತವೆ. ಬರೆದವರು ಅಲ್ಲಿಯವರೆಗೆ ಕಾದು ಕೂರಬೇಕಾಗಿಲ್ಲ.

ಕನ್ನಡದ ತೊಡಕು, ಹೆಸರಿನ ತೊಡಕು

ಇನ್ನು ನಮ್ಮ ಭಾಷೆಗೆ ಸಂಬಂಧಿಸಿದ ಸಂಗತಿಗಳು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆಯಿತು. ಆದರೆ ನಾಡಿನಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಹಳೆಯ ಫಾಂಟುಗಳ ಸಂಕೇತಗಳು. ಅವುಗಳಲ್ಲಿ ಬೆರಳಚ್ಚು ಮಾಡಿದ ಬರಹ ಕಣ್ಣಿಗೆ ಕನ್ನಡವಾಗಿ ಕಂಡರೂ ಶೋಧ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿರುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಯೂನಿಕೋಡಿನಲ್ಲಿಯೂ ‘ಕೊಳ್ಳೇಗಾಲ’ದ ಮೊದಲ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಸೂಚಿಗೆ ಸೇರಿಸುವ ಮುನ್ನ ಅವನ್ನು ಏಕರೂಪಕ್ಕೆ ತರಬೇಕು. ಹಾಸನೂರಿಗೆ, ಹಾಸನೂರಿನಲ್ಲಿ, ಹಾಸನೂರಿಂದ, ಹಾಸನೂರಿನವರು ಎಂಬ ರೂಪಗಳೆಲ್ಲ ಒಂದೇ ಪ್ರಕೃತಿಯಿಂದ ಬಂದವು ಎಂಬುದನ್ನೂ ಯಂತ್ರಕ್ಕೆ ಕಲಿಸಬೇಕು.

ಇಂತಹ ನಿಯಮವೊಂದನ್ನು ಬದಲಿಸಿದಾಗ ಮಾತ್ರ ತುಣುಕು ತಿದ್ದುಪಡಿ ಸಾಲದು. ಹಳೆಯ ನಿಯಮದಂತೆ ಬರೆದ ಪಟ್ಟಿಗೂ ಹೊಸ ನಿಯಮದಂತೆ ಕೇಳುವ ಪ್ರಶ್ನೆಗೂ ತಾಳೆಯಾಗದು. ಆಗ ಇಡೀ ಸೂಚಿಯನ್ನು ಮೂಲ ಬರಹಗಳಿಂದ ಮತ್ತೆ ಕಟ್ಟಲೇಬೇಕು. ಹಳೆಯದು ಕೆಲಸ ಮಾಡುತ್ತಿರುವಂತೆಯೇ ಹೊಸದನ್ನು ಪಕ್ಕದಲ್ಲಿ ಕಟ್ಟಿ, ಪೂರ್ಣವಾದ ಮೇಲೆ ಓದುಗರ ಪ್ರಶ್ನೆಗಳನ್ನು ಹೊಸದರತ್ತ ತಿರುಗಿಸುವುದು ರೂಢಿ.

ಹೆಸರಿನ ಪರ್ಯಾಯಗಳ ವಿಷಯ ಬೇರೆ. ಹಾಸನೂರು, ಆಸನೂರ್ ಎರಡೂ ಒಂದೇ ಎಂಬುದನ್ನು ಪ್ರತಿಯೊಂದು ಬರಹದೊಳಗೆ ಬರೆದು ಸೂಚಿಗೆ ಸೇರಿಸಿದರೆ, ಇನ್ನೊಂದು ರೂಪ ತಿಳಿದುಬಂದಾಗ ಎಲ್ಲವನ್ನೂ ಮತ್ತೆ ಕಳುಹಿಸಬೇಕು. ಅದರ ಬದಲು ಪರ್ಯಾಯ ನಾಮಗಳ ಒಂದು ಪಟ್ಟಿಯನ್ನು ಬೇರೆಯಾಗಿರಿಸಿ, ಓದುಗ ಪ್ರಶ್ನೆ ಕೇಳಿದ ಗಳಿಗೆಯಲ್ಲಿ ಅದನ್ನು ಅನ್ವಯಿಸಿದರೆ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಸಾಕು. ಜಿಲ್ಲೆಯ ಹೆಸರಿಗೂ ಇದೇ ಮಾತು. ಕೊಯಮತ್ತೂರು, ಪೆರಿಯಾರ್, ಈರೋಡು ಎಂಬ ಹೆಸರುಗಳನ್ನು ಸಾವಿರ ಬರಹಗಳಲ್ಲಿ ತಿದ್ದುವುದಕ್ಕಿಂತ ಊರಿಗೆ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಎದುರು ಕಾಲಕಾಲದ ಹೆಸರುಗಳನ್ನು ಒಂದೆಡೆ ಬರೆಯುವುದು ಲೇಸು.

ಮೂಲವನ್ನು ಮುಟ್ಟದಿರುವ ನೀತಿ

ಇಷ್ಟನ್ನು ನೋಡಿದ ಮೇಲೆ ನಮಗೆ ಮುಖ್ಯವೆಂದು ತೋರುವ ಮಾತೊಂದಿದೆ. 1950ರಲ್ಲಿ ಬರೆದ ಕ್ರಯಪತ್ರದಲ್ಲಿ ಈ ಸೀಮೆಯ ಊರೊಂದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದುದೆಂದಿದ್ದರೆ ಅದು ಹಾಗೆಯೇ ಇರಬೇಕು. ಅದನ್ನು ಇಂದಿನ ಹೆಸರಿಗೆ ತಿದ್ದುವುದು ಪರಿಷ್ಕರಣೆಯಲ್ಲ, ಚರಿತ್ರೆಯ ನಾಶ. ಬದಲಾಗಬೇಕಾದುದು ಸೂಚಿ, ಬದಲಾಗಬಾರದುದು ಬರಹ. ಸೂಚಿಯು ಎಷ್ಟು ಬಾರಿ ಕೆಟ್ಟರೂ ಮೂಲದಿಂದ ಮತ್ತೆ ಕಟ್ಟಬಹುದು. ಮೂಲ ಕೆಟ್ಟರೆ ಯಾವ ಯಂತ್ರವೂ ಅದನ್ನು ಮರಳಿ ಕೊಡದು.

ನಮ್ಮ ಗಡಿನಾಡಿನ ಸಂಘಗಳ ಸ್ಮರಣ ಸಂಚಿಕೆಗಳು, ಶಾಲೆಗಳ ವಾರ್ಷಿಕ ಸಂಚಿಕೆಗಳು, ಜಾತ್ರೆಯ ಕರಪತ್ರಗಳು, ಹಿರಿಯರು ಹೇಳಿ ಬರೆಸಿದ ಹಾಡು ಕಥೆಗಳು ಮನೆಮನೆಗಳ ಪೆಟ್ಟಿಗೆಗಳಲ್ಲಿವೆ. ಅವನ್ನು ಗಣಕಕ್ಕೆ ಏರಿಸುವ ಉತ್ಸಾಹ ಇಂದು ಎಲ್ಲೆಡೆ ಕಾಣುತ್ತಿರುವುದು ಸಂತೋಷದ ಸಂಗತಿ. ಆದರೆ ಚಿತ್ರ ತೆಗೆದು ಏರಿಸಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಪ್ರತಿ ಲೇಖನಕ್ಕೂ ಒಂದು ಖಾಯಂ ಸಂಖ್ಯೆ, ಯೂನಿಕೋಡಿನ ಪಠ್ಯ, ಊರುಗಳ ಪರ್ಯಾಯ ನಾಮಗಳ ಒಂದು ಪಟ್ಟಿ, ಬದಲಾದುದನ್ನು ದಾಖಲಿಸುವ ಒಂದು ಪುಸ್ತಕ: ಇಷ್ಟಿದ್ದರೆ ಮುಂದೆ ಯಾವ ಶೋಧ ಯಂತ್ರ ಬಂದರೂ ಅದಕ್ಕೆ ಒಪ್ಪಿಸಲು ನಾವು ಸಿದ್ಧರಿರುತ್ತೇವೆ. ಇದಕ್ಕೆ ದೊಡ್ಡ ಹಣ ಬೇಡ. ತಿಂಗಳಿಗೊಮ್ಮೆ ಕುಳಿತು ಸೇರ್ಪಡೆಗಳನ್ನು ಬರೆಯುವ ಒಬ್ಬಿಬ್ಬರ ತಾಳ್ಮೆ ಬೇಕು.

ರೈಸ್ ಅವರ ಸಂಪುಟಗಳು ಗಡಿಯ ಆಚೆ ನಿಂತವು. ಅಂದಿನ ಆಡಳಿತದ ಎಲ್ಲೆ ಹಾಗಿತ್ತು. ಇಂದಿನ ಸೂಚಿಗೆ ಅಂತಹ ಎಲ್ಲೆಯಿಲ್ಲ; ಚಾಮರಾಜನಗರದ ಬರಹವೂ ತಾಳವಾಡಿಯ ಬರಹವೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ನಿಲ್ಲಬಲ್ಲವು. ನಿಲ್ಲಿಸುವ ಕೆಲಸ ನಮ್ಮದು. ಮುಂದೊಂದು ದಿನ ದೂರದ ಊರಿನ ವಿದ್ಯಾರ್ಥಿಯೊಬ್ಬನು ‘ಹಾಸನೂರು’ ಎಂದು ಕನ್ನಡದಲ್ಲಿ ಬರೆದು ಹುಡುಕಿದಾಗ, ಈ ಬೆಟ್ಟಗಳ ಮೇಲೆ ಕನ್ನಡದಲ್ಲಿ ಬದುಕಿದವರು ಬರೆದುದೆಲ್ಲವೂ ಅವನಿಗೆ ದೊರೆಯುವಂತಾಗಲಿ ಎಂದು ಈ ಸಮ್ಮೇಳನದ ಸಂದರ್ಭದಲ್ಲಿ ಹಾರೈಸುತ್ತೇವೆ.